ರಾತ್ರಿ ಬಂದ ಫೋನು

ಖಲೀಫಾ ಸಿಟಿಯ ನಮ್ಮ ಮನೇಲಿ ರಾತ್ರಿ ಹೊತ್ತು ಫೋನ್ ರಿಂಗಾದ್ರೆ ಇವತ್ತಿಗೂ ಎದೆ ಧಸಕ್ ಅನ್ನುತ್ತೆ. ಅಪ್ಪ ಹೋದ ಸುದ್ದಿ ಹಾಗೇ ಬಂದಿದ್ದು. 2 ವರ್ಷವಾಯ್ತು, ಅಕ್ಕ ಆಡಿದ ಒಂದೊಂದು ಮಾತೂ, ಆಗ ಕೇಳ್ತಿದ್ದ ಎಸಿಯ ಗೊರಗೊರವೂ ನೆನಪಿದೆ. ಅದರ ಹಿಂದಿನ ವಾರ ಅಪ್ಪನ ಹತ್ತಿರ ಅರ್ಧ ಗಂಟೆ ಮಾತಾಡಿದ್ದೆ. ಏನು ಮಾತಾಡಿದ್ವಿ? ಊಹೂಂ...

ನಮ್ಮ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರೋ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿಯವರ ತಂಡ ಇದಕ್ಕೆ ಹತ್ತಿರದ ಒಂದು ಪ್ರಯೋಗ ಮಾಡಿತ್ತು, 2005ರಲ್ಲಿ ಪ್ರಕಟವಾಯ್ತು. ಇಲಿಗಳನ್ನು ಒಂದೇ ಒಂದು ಸಲ, 2 ಗಂಟೆ ಅಲುಗಾಡದಂತೆ ಹಿಡಿದಿಟ್ಟರು. ಮಾರನೇ ದಿನ, ಭಯದ ನೆನಪಿಗೆ ಬೇಕಾದ ಅಮಿಗ್ಡಲಾದಲ್ಲಿ ವ್ಯತ್ಯಾಸ ಕಾಣಲಿಲ್ಲ. 10 ದಿನ ಬಿಟ್ಟು ನೋಡಿದ್ರೆ ಅಲ್ಲಿನ ನರಕೋಶಗಳ ರೆಂಬೆಗಳ ಮೇಲೆ ಹೊಸ ಮೊಗ್ಗುಗಳು! ಒಂದು ನರಕೋಶ ಇನ್ನೊಂದರ ಸಂದೇಶ ಪಡೆಯೋದು ಹೆಚ್ಚಾಗಿ ಈ ಮೊಗ್ಗುಗಳಲ್ಲೇ. ಅಂದ್ರೆ ಆಘಾತ ಮುಗಿದ ಮೇಲೂ ಮಿದುಳು ಒಳಗೊಳಗೇ ಕೆಲಸ ಮಾಡ್ತಿತ್ತು. (ನಾನು ಇಲಿಯಲ್ಲ, ನಿಜ. ಆದ್ರೂ...)

ವಿಚಿತ್ರ ಏನಂದ್ರೆ, ಅಲ್ಲಿರೋ ಬಹುತೇಕ ಪ್ರೋಟೀನುಗಳು ಕೆಲವು ದಿನ, ಹೆಚ್ಚಂದ್ರೆ ಕೆಲವು ವಾರಗಳಲ್ಲೇ ಹಾಳಾಗಿ ಹೊಸವು ಬರ್ತವೆ. ಮತ್ತೆ ನೆನಪು ಉಳಿಯೋದು ಹೇಗೆ? 2024ರಲ್ಲಿ ಪ್ರಕಟವಾದ, ಸುಂಡಿಲಿಗಳ ಮೇಲಿನ ಅಧ್ಯಯನವೊಂದರ ಉತ್ತರ ಇದು: ಕಿಬ್ರಾ ಅನ್ನೋ ಪ್ರೋಟೀನು ಗಟ್ಟಿಯಾದ ಸಂಪರ್ಕಗಳಿಗೆ ಅಂಟಿಕೊಂಡು, ಪಿಕೆಎಂ-ಝೀಟಾ ಅನ್ನೋ ಇನ್ನೊಂದನ್ನು ಅಲ್ಲೇ ಹಿಡಿದಿಡುತ್ತೆ. ಹಳೇ ಅಣು ಹೋದ್ರೂ ಹೊಸದು ಅದೇ ಜಾಗಕ್ಕೆ ಬಂದು ಕೂರುತ್ತೆ. ನಾವು ಆಫೀಸಲ್ಲಿ ಸರ್ವಿಸ್ ನಿಲ್ಲಿಸದೇ ಸರ್ವರ್‌ಗಳನ್ನ ಒಂದೊಂದಾಗಿ ಬದಲಾಯಿಸ್ತೀವಲ್ಲ, ಹಾಗೆ.

ಆ ಅರ್ಧ ಗಂಟೆಗೆ ಮಾತ್ರ ಇಂಥ ಕಾವಲು ಸಿಗಲಿಲ್ಲ. ಮೊನ್ನೆ ಅಮ್ಮನನ್ನ ಕೇಳಿದೆ. "ಹಿತ್ತಲ ಮಾವಿನ ಮರ ಹೂ ಬಿಟ್ಟಿದ್ದನ್ನ ಹೇಳ್ತಿದ್ರು ಕಣೋ. ನೀನು ಬರೀ ಹೂಂ ಹೂಂ ಅಂತಿದ್ಯಂತೆ" ಅಂದ್ಲು.