ಮುನ್ನೂರಿಪ್ಪತ್ತು ಮೀಟರು ನೆಲ

ಜಪಾನಿನ ರಾಜಧಾನಿ ಟೋಕಿಯೋ ನಗರಕ್ಕೆ ಪೂರ್ವದಲ್ಲಿ, ಸುಮಾರು 60 ಕಿಲೋಮೀಟರು ದೂರದಲ್ಲಿ, ನರಿತಾ ಎಂಬ ಊರಿದೆ. ಅಲ್ಲಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬಂದಿಳಿದ ಪ್ರಯಾಣಿಕರು ಕಿಟಕಿಯಾಚೆ ಕಣ್ಣು ಹಾಯಿಸಿ ಬೆರಗಾದದ್ದುಂಟು. ವಿಮಾನಗಳು ಸಾಗುವ ಕಾಂಕ್ರೀಟು ಹಾದಿಗಳ ನಟ್ಟನಡುವೆ ತರಕಾರಿಯ ಹೊಲ! ಆ ಹೊಲವನ್ನು ಬಳಸಿಕೊಂಡು ಹೋಗಲೆಂದು ವಿಮಾನದ ಹಾದಿಯೇ ಡೊಂಕಾಗಿತ್ತು. ಲಕ್ಷಾಂತರ ಜನರ ಪ್ರಯಾಣಕ್ಕಾಗಿ ಕಟ್ಟಿದ ನಿಲ್ದಾಣವೊಂದು ಒಬ್ಬ ರೈತನ ಬೇಲಿಗೆ ಮಣಿದು ನಿಂತ ಕಥೆ ಬಹಳ ಹಿಂದಿನದು.

1960ರ ದಶಕದ ಆರಂಭದಲ್ಲಿ ಟೋಕಿಯೋ ನಗರಕ್ಕೆ ಇದ್ದುದು ಸಮುದ್ರದಂಚಿನ ಹನೇಡಾ ನಿಲ್ದಾಣ. ಜೆಟ್ ವಿಮಾನಗಳು ಬಂದವು. 1964ರಲ್ಲಿ ಒಲಿಂಪಿಕ್ ಕ್ರೀಡೆಗಳೂ ನಡೆದವು. ಹನೇಡಾ ಕಿಕ್ಕಿರಿಯಿತು. ಒಂದು ರನ್‌ವೇಯ ಮೇಲೆ ಒಂದೇ ಕಾಲಕ್ಕೆ ಒಂದೇ ವಿಮಾನ ಇರಬಹುದು. ದೊಡ್ಡ ವಿಮಾನವು ತನ್ನ ಹಿಂದೆ ಗಾಳಿಯ ಸುಳಿಗಳನ್ನು ಎಬ್ಬಿಸಿ ಹೋಗುತ್ತದೆ. ಅವು ಅಡಗುವವರೆಗೆ ಹಿಂದಿನದು ಕಾಯಬೇಕು. ಒಂದು ವಿಮಾನ ತಡವಾದರೆ ಅದರ ಹಿಂದಿನ ಸಾಲೆಲ್ಲವೂ ತಡವೇ. ಇದಕ್ಕೆ ಪರಿಹಾರ ಹೊಸ ನಿಲ್ದಾಣವೊಂದೇ ಎಂದು ಸರ್ಕಾರ ತೀರ್ಮಾನಿಸಿತು.

ಮೊದಲು ಆರಿಸಿದ ತೋಮಿಸಾತೋ ಎಂಬ ಸ್ಥಳದ ಜನ ಬಲವಾಗಿ ಪ್ರತಿಭಟಿಸಿದರು. ಆಗ ಮಂತ್ರಿಮಂಡಲವು 1966ರ ಜುಲೈ 4ರಂದು ಸನ್ರಿಜುಕಾ ಪ್ರದೇಶವನ್ನು ನಿಶ್ಚಯಿಸಿತು. ಅಲ್ಲಿ ಅರಮನೆಗೆ ಸೇರಿದ ವಿಶಾಲವಾದ ಹುಲ್ಲುಗಾವಲೊಂದಿದ್ದುದರಿಂದ ಸುಲಭವಾಗಿ ನೆಲ ದೊರೆಯುವುದೆಂದು ಎಣಿಕೆ. ಉಳಿದ ಭೂಮಿ ರೈತರದು. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ನಕ್ಷೆಯಲ್ಲಿ ಗೆರೆ ಎಳೆಯುವವರಿಗೆ ಮನೆಮಠ ಕಾಣಿಸುವುದು ಅಪರೂಪವಷ್ಟೆ. ಆ ರೈತರಲ್ಲಿ ಅನೇಕರು ಯುದ್ಧಾನಂತರ ಮಂಚೂರಿಯ ಮೊದಲಾದ ಕಡೆಗಳಿಂದ ಬರಿಗೈಯಲ್ಲಿ ಮರಳಿ ಬಂದವರು. ಕಾಡು ಕಡಿದು, ಬೇರು ಕಿತ್ತು, ಕಡಲೆಕಾಯಿ ಗೆಣಸು ಬೆಳೆಯುವಂತೆ ನೆಲವನ್ನು ಹದಗೊಳಿಸಿದವರು. ಇಪ್ಪತ್ತು ವರ್ಷದ ಬೆವರಿಗೆ ಪರಿಹಾರಧನದ ಲೆಕ್ಕ ಕಟ್ಟುವುದು ಅವರಿಗೆ ಸಮ್ಮತವಾಗಲಿಲ್ಲ.

ಕೃಷಿ ಉಪಕರಣಗಳ ವ್ಯಾಪಾರಿಯಾಗಿದ್ದ ತೋಮುರಾ ಇಸ್ಸಾಕು ಅವರ ಮುಂದಾಳಾದನು. ವಿದ್ಯಾರ್ಥಿಗಳು ನಗರಗಳಿಂದ ಬಂದು ಸೇರಿದರು. 1971ರಲ್ಲಿ ಬಲವಂತದ ಭೂಸ್ವಾಧೀನ ಆರಂಭವಾದಾಗ ಹೆಂಗಸರು ಮರಗಳಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ಗಂಡಸರು ನೆಲದಡಿ ಸುರಂಗ ತೋಡಿ ಒಳಗೆ ಕುಳಿತರು. ಭತ್ತ ಬಡಿಯುತ್ತಿದ್ದ ಒಬ್ಬ ವೃದ್ಧೆಯನ್ನು ಪೋಲೀಸರು ಎತ್ತಿ ಹೊರಗೆ ತಂದು ಆಕೆಯ ಗುಡಿಸಲನ್ನು ಕೆಡವಿದರು. ಹಿಂಸೆ ಒಂದೇ ಕಡೆಯದಾಗಿರಲಿಲ್ಲ. ಅದೇ ಸೆಪ್ಟೆಂಬರ್ 16ರ ಘರ್ಷಣೆಯಲ್ಲಿ ಮೂವರು ಪೋಲೀಸರು ಹತರಾದರು. ರನ್‌ವೇಯ ತುದಿಯಾಚೆ ವಿರೋಧಿಗಳು 60 ಮೀಟರಿನಷ್ಟು ಎತ್ತರದ ಉಕ್ಕಿನ ಗೋಪುರವನ್ನೇ ನಿಲ್ಲಿಸಿದ್ದರು. ಅದು ಇರುವವರೆಗೆ ವಿಮಾನ ಹಾರುವಂತಿಲ್ಲ! 1977ರಲ್ಲಿ ಅದನ್ನು ಉರುಳಿಸಿ, 1978ರ ಮಾರ್ಚ್ 30ರಂದು ಉದ್ಘಾಟನೆಗೆ ದಿನ ಗೊತ್ತಾಯಿತು. ನಾಲ್ಕು ದಿನ ಮುಂಚೆ ಚರಂಡಿಯ ಮಾರ್ಗವಾಗಿ ನುಗ್ಗಿದವರು ನಿಯಂತ್ರಣ ಗೋಪುರವನ್ನು ಹಿಡಿದು ಯಂತ್ರಗಳನ್ನು ಪುಡಿಮಾಡಿದರು. ಕೊನೆಗೆ ಮೇ 20ರಂದು ನಿಲ್ದಾಣ ತೆರೆಯಿತು, 4,000 ಮೀಟರಿನ ಒಂದೇ ರನ್‌ವೇಯೊಡನೆ.

ಕಿಕ್ಕಿರಿತ ತಪ್ಪಿಸಲೆಂದೇ ಹುಟ್ಟಿದ ನಿಲ್ದಾಣ ಇಪ್ಪತ್ತನಾಲ್ಕು ವರ್ಷ ಆ ಒಂದೇ ಹಾದಿಯಲ್ಲಿ ಏದುಸಿರುಬಿಟ್ಟಿತು.

1991ರಿಂದ ಸರ್ಕಾರ ಮತ್ತು ರೈತರು ಎದುರುಬದುರು ಕುಳಿತು ಮಾತನಾಡತೊಡಗಿದರು. ಹಿಂದಿನ ರೀತಿ ತಪ್ಪೆಂದು ಸರ್ಕಾರ ಒಪ್ಪಿತು; ಇನ್ನು ಬಲವಂತದ ಸ್ವಾಧೀನವಿಲ್ಲವೆಂದು ಮಾತು ಕೊಟ್ಟಿತು. 1995ರಲ್ಲಿ ಪ್ರಧಾನಿ ಮುರಾಯಾಮಾ ಕ್ಷಮೆ ಕೇಳಿದರು. ಆ ಮಾತು ಎರಡು ದಶಕ ಮುಂಚೆಯೇ ಬರಬಹುದಾಗಿತ್ತು.

ಎರಡನೆಯ ರನ್‌ವೇ 2,500 ಮೀಟರು ಇರಬೇಕೆಂದು ಮೂಲ ನಕ್ಷೆ. ಆದರೆ ದಕ್ಷಿಣದ ತುದಿಯ ಭೂಮಿಯನ್ನು ಒಡೆಯರು ಮಾರಲಿಲ್ಲ. ಆದ್ದರಿಂದ ಅದನ್ನು ಉತ್ತರಕ್ಕೆ ಸರಿಸಿ, 2,180 ಮೀಟರಿಗೆ ಮೊಟಕುಗೊಳಿಸಿ, ವಿಶ್ವಕಪ್ ಫುಟ್ಬಾಲ್ ಪಂದ್ಯಗಳಿಗೆ ಮುಂಚೆ 2002ರ ಏಪ್ರಿಲ್ 18ರಂದು ತೆರೆದರು. ದಕ್ಷಿಣದಿಂದ ಇಳಿಯುವ ವಿಮಾನಗಳು ಅಲ್ಲಿಯ ಮನೆಗಳ ಮೇಲೆ ಕೇವಲ 40 ಮೀಟರಿನಷ್ಟು ಎತ್ತರದಲ್ಲಿ ಹಾದುಹೋಗುತ್ತಿದ್ದವು.

ಮುನ್ನೂರಿಪ್ಪತ್ತು ಮೀಟರಿನ ಕೊರತೆ ಅಷ್ಟು ದೊಡ್ಡದೇ? ದೂರದೇಶಕ್ಕೆ ಹೊರಡುವ ವಿಮಾನದ ಹೊಟ್ಟೆಯಲ್ಲಿ ಟನ್ನುಗಟ್ಟಲೆ ಇಂಧನವಿರುತ್ತದೆ. ತೂಕ ಹೆಚ್ಚಿದಷ್ಟೂ ನೆಲ ಬಿಡಲು ಬೇಕಾದ ವೇಗ ಹೆಚ್ಚು. ವೇಗ ಹೆಚ್ಚಿದಷ್ಟೂ ಓಟ ದೀರ್ಘ. ಓಟದ ನಡುವೆ ಎಂಜಿನ್ ಕೆಟ್ಟರೆ ಒಳಗೇ ನಿಲ್ಲುವಷ್ಟು ಅವಕಾಶವೂ ಬೇಕು. ಆದುದರಿಂದ ಜಂಬೋ ವಿಮಾನಗಳು ಆ ಕಿರುಹಾದಿಯತ್ತ ಸುಳಿಯಲಿಲ್ಲ. ಅವೆಲ್ಲವೂ ಹಳೆಯ ರನ್‌ವೇಯ ಮುಂದೆಯೇ ಸಾಲುಗಟ್ಟಿದವು. ಹಾದಿ ಎರಡಾದರೂ ದೊಡ್ಡ ವಿಮಾನಗಳ ಪಾಲಿಗೆ ಅದು ಒಂದೇ.

ಕಡೆಗೆ ದಕ್ಷಿಣದ ಆಸೆ ಬಿಟ್ಟು ಉತ್ತರದ ಕಡೆಗೇ 320 ಮೀಟರು ಬೆಳೆಸಿದರು. 2009ರ ಅಕ್ಟೋಬರ್ 22ರಂದು ಅದು ಬಳಕೆಗೆ ಬಂದಿತು. ದೊಡ್ಡ ವಿಮಾನಗಳು ಹಂಚಿಹೋದವು. ಮರುವರ್ಷ ನಿಲ್ದಾಣದ ವಾರ್ಷಿಕ ಏರಿಳಿತಗಳ ಮಿತಿ 2 ಲಕ್ಷದಿಂದ 2 ಲಕ್ಷ 20 ಸಾವಿರಕ್ಕೆ ಏರಿತು.

ಅದೂ ಸಾಲದಾಯಿತು. ಇದೇ ರನ್‌ವೇಯನ್ನು 3,500 ಮೀಟರಿಗೆ ಬೆಳೆಸಿ, ಅಷ್ಟೇ ಉದ್ದದ ಮೂರನೆಯದೊಂದನ್ನು ಕಟ್ಟಲು 2018ರಲ್ಲಿ ಸರ್ಕಾರ, ಪ್ರಾಂತ, ಸುತ್ತಲ ಊರುಗಳು ಮತ್ತು ನಿಲ್ದಾಣದ ಆಡಳಿತ ಸೇರಿ ಒಪ್ಪಂದ ಮಾಡಿಕೊಂಡವು. ಈ ಸಲ ಊರುಗಳನ್ನು ಮೊದಲೇ ಕೇಳಿದ್ದಾರೆ. ಬೇಕಾದ ಹೊಸ ನೆಲ ಸುಮಾರು 1,000 ಹೆಕ್ಟೇರು. ಇತ್ತ ಹಳೆಯ ಹೊಲದ ಮೊಕದ್ದಮೆ ವರ್ಷಗಟ್ಟಲೆ ನಡೆದು, 2023ರ ಫೆಬ್ರವರಿಯಲ್ಲಿ ನ್ಯಾಯಾಲಯದ ಆಜ್ಞೆಯಂತೆ ಅಲ್ಲಿಯ ಕೊಟ್ಟಿಗೆಗಳನ್ನು ರಾತ್ರಿಯಲ್ಲಿ ತೆರವುಮಾಡಿದರು. ರೈತನು ಹತ್ತಿರದ ಬೇರೆ ತುಂಡು ನೆಲದಲ್ಲಿ ತರಕಾರಿ ಬೆಳೆಯುವುದನ್ನು ಮುಂದುವರಿಸಿದನು.