ಮಹಾಪೂರ ತಡೆಯುವ ಕೆಲಸಕ್ಕೆ ಸರಕಾರದ ಹಣ: ಯಾವ ಗಂಟಿನಿಂದ, ಯಾವಾಗ, ಹೇಗೆ?

ಹೊಳೆ ಏರಿ ಇಳಿದ ಮೇಲೆ ಸರಕಾರ ಕೊಡುವ ಹಣ ಒಂದು. ಹೊಳೆ ಏರುವ ಮೊದಲೇ ಅದರ ಹಾವಳಿ ತಗ್ಗಿಸುವ ಕೆಲಸಕ್ಕೆ ಕೊಡುವ ಹಣ ಇನ್ನೊಂದು. ಗಡಹಿಂಗ್ಲಜ, ಶಿರೋಳ, ಇಚಲಕರಂಜಿ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಮೊದಲನೆಯದನ್ನು ಅರಿಯದವರಿಲ್ಲ. ಪಂಚನಾಮೆ, ಯಾದಿ, ಬ್ಯಾಂಕಿನ ಖಾತೆ ಎಂದು ಅದರ ಸಲುವಾಗಿ ಚಪ್ಪಲಿ ಸವೆಸಿದವರು ಮನೆಗೊಬ್ಬರು ಸಿಕ್ಕಾರು. ಎರಡನೆಯದರ ಮಾತು ತೆಗೆದರೆ ಮಾತ್ರ ‘ಅದೆಲ್ಲ ಆಮದಾರರು ನೋಡಿಕೊಳ್ಳುವ ಕೆಲಸ’ ಎಂದು ಸುಮ್ಮನಾಗುತ್ತಾರೆ. ಆದರೆ ಆ ಹಣದ ಬೇಡಿಕೆ ಊರಿನಿಂದಲೇ ಏಳಬೇಕು. ಅದೂ ಹೊಳೆ ದಂಡೆಯೊಳಗೆ ಶಾಂತವಾಗಿ ಹರಿಯುತ್ತಿರುವಾಗ ಏಳಬೇಕು.

ಮೊದಲು ಒಂದು ಸಣ್ಣ ಲೆಕ್ಕ ನೋಡಿರಿ. ೨೦೨೨ರಿಂದ ೨೦೨೬ರ ಮಾರ್ಚಿನ ವರೆಗಿನ ಅವಧಿಗೆ ಕೇಂದ್ರ ಸರಕಾರ ಹಾಕಿಕೊಟ್ಟ ಪರಿಹಾರದ ದರದಂತೆ, ಹೊಲದಲ್ಲಿ ೩ ಇಂಚಿಗಿಂತ ಹೆಚ್ಚು ಹೂಳು ಕೂತರೆ ತೆಗೆಯಲು ಹೆಕ್ಟೇರಿಗೆ ೧೮,೦೦೦ ರೂಪಾಯಿ. ಹೊಳೆ ದಿಕ್ಕು ಬದಲಿಸಿ ಹೊಲವನ್ನೇ ಕೊಚ್ಚಿಕೊಂಡು ಹೋದರೆ ಹೆಕ್ಟೇರಿಗೆ ೪೭,೦೦೦. ಅದೂ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ. ಹೆಕ್ಟೇರೆಂದರೆ ಹೆಚ್ಚುಕಡಿಮೆ ೯೯ ಗುಂಟೆ. ಅಂದರೆ ಹೋದ ನೆಲಕ್ಕೆ ಗುಂಟೆಗೆ ಸುಮಾರು ೪೭೫ ರೂಪಾಯಿ ಬಿದ್ದಂತಾಯಿತು. ರಾಜ್ಯ ಸರಕಾರ ಕೆಲವು ಸಲ ತನ್ನ ಕಡೆಯಿಂದ ಇದಕ್ಕೆ ಕೂಡಿಸಿ ಕೊಟ್ಟದ್ದುಂಟು, ನಿಜ. ಆದರೂ ಹೊಳೆಸಾಲಿನ ಎರೆ ನೆಲ ಆ ಬೆಲೆಗೆ ಯಾರು ಕೊಟ್ಟಾರು? ಹರಿದು ಹೋದ ದಂಡೆಯನ್ನು ಯಾವ ಪರಿಹಾರವೂ ತಿರುಗಿ ತರಲಾರದು. ಆದುದರಿಂದಲೇ ಎರಡನೆಯ ಹಣದ ವಿಚಾರ ಮುಖ್ಯವಾದುದು.

ಹಣ ಕೇಳುವ ಮೊದಲು ನಮ್ಮ ಹೊಳೆಯ ಗುಣ ನಮಗೆ ತಿಳಿದಿರಬೇಕು. ೨೦೧೯ರಲ್ಲಿ ಆಶ್ಲೇಷಾ ಮಳೆಗೆ, ೨೦೨೧ರಲ್ಲಿ ಪುಷ್ಯ ಮಳೆಗೆ ಬಂದ ಎರಡು ಮಹಾಪೂರಗಳನ್ನು ಯಾರೂ ಮರೆತಿಲ್ಲ. ಕೊಲ್ಹಾಪುರದ ಹತ್ತಿರ ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆಯ ನೀರು ೩೯ ಅಡಿಗೆ ಬಂದರೆ ಎಚ್ಚರಿಕೆ, ೪೩ ಅಡಿಗೆ ಬಂದರೆ ಅಪಾಯ. ಆ ಎರಡೂ ವರ್ಷ ನೀರು ೫೫ ಅಡಿ ದಾಟಿತು. ಪಂಚಗಂಗೆ ಇಚಲಕರಂಜಿಯ ಮಗ್ಗುಲಿಗೆ ಹರಿದು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈ ಹರವಿನಲ್ಲಿ ನೆಲಕ್ಕೆ ಇಳಿಜಾರು ಬಹಳ ಕಡಿಮೆ, ಹೊಳೆಗೆ ತಿರುವು ಬಹಳ. ಮುಂದೆ ಕೃಷ್ಣೆಯೇ ತುಂಬಿ ನಿಂತಿದ್ದರೆ ಪಂಚಗಂಗೆಯ ನೀರಿಗೆ ಹೋಗಲು ಹಾದಿಯಿಲ್ಲ. ಅದು ಹಿಂದಕ್ಕೆ ಸರಿದು ಹಳ್ಳಗಳೊಳಗೆ ನುಗ್ಗಿ, ಕಬ್ಬಿನ ಮೇಲೆ ದಿನಗಟ್ಟಲೆ ನಿಲ್ಲುತ್ತದೆ. ಇದು ನಿಲ್ಲುವ ನೀರು.

ಹಿರಣ್ಯಕೇಶಿಯ ರೀತಿಯೇ ಬೇರೆ. ಆಂಬೋಲಿ ಘಟ್ಟದ ದೊಡ್ಡ ಮಳೆ ಆಜರಾದ ಮೇಲಿಂದ ಇಳಿದು ಗಡಹಿಂಗ್ಲಜ ದಾಟಿ ಸಂಕೇಶ್ವರದ ಕಡೆಗೆ ಓಡುತ್ತದೆ, ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಮೇಲಿನ ಭಾಗದಲ್ಲಿ ನೀರು ಬೇಗ ಏರುತ್ತದೆ, ಮಳೆ ನಿಂತರೆ ಬೇಗ ಇಳಿಯುತ್ತದೆ. ಆದರೆ ತಿರುವಿನಲ್ಲಿ ದಂಡೆಯನ್ನು ಕಡಿದುಕೊಂಡು ಹೋಗುತ್ತದೆ. ಇದು ಹರಿಯುವ ನೀರು.

ಈ ಭೇದ ತಿಳಿಯದೆ ಎಲ್ಲ ಊರಿನವರೂ ‘ಪೂರ ಸಂರಕ್ಷಕ ಭಿಂತಿ’ ಒಂದನ್ನೇ ಬೇಡುವುದು ಕಾಣುತ್ತದೆ. ಗೋಡೆ ಕಣ್ಣಿಗೆ ಕಾಣುತ್ತದೆ, ಅದಕ್ಕೊಂದು ಉದ್ಘಾಟನೆಯೂ ಆಗುತ್ತದೆ, ಆದುದರಿಂದ ಎಲ್ಲರಿಗೂ ಅದರ ಮೇಲೆ ಮೋಹ. ದಂಡೆ ಕಡಿಯುವ ತಿರುವಿನಲ್ಲಿ ಕಲ್ಲಿನ ಗೋಡೆಯೋ, ತಂತಿಯ ಬಲೆಯೊಳಗೆ ಕಲ್ಲು ತುಂಬಿದ ಒಡ್ಡೋ, ಅದರ ಹಿಂದೆ ಬಿದಿರು ಮತ್ತು ಲಾವಂಚದ ಸಾಲೋ ಇದ್ದರೆ ನಿಶ್ಚಯವಾಗಿ ಉಪಯೋಗವುಂಟು. ಆದರೆ ಶಿರೋಳ ತಾಲೂಕಿನ ನಿಲ್ಲುವ ನೀರಿಗೆ ಗೋಡೆ ಏನು ಮಾಡೀತು? ಅದು ಹಳ್ಳದ ಬಾಯಿಂದ, ಗಟಾರದಿಂದ, ಊರ ಹಿಂದಿನಿಂದ ಒಳಗೆ ಬರುತ್ತದೆ. ಅಂಥ ಊರಿಗೆ ಬೇಕಾದುದು ಹಳ್ಳದ ಹೂಳು ತೆಗೆಯುವುದು, ನೀರು ಬೇಗ ಬಸಿದು ಹೋಗಲು ಚರಿ ತೋಡುವುದು, ಊರಿಂದ ಹೊರಬೀಳುವ ಒಂದು ರಸ್ತೆಯನ್ನಾದರೂ ಎತ್ತರಿಸುವುದು, ದನಕರುಗಳಿಗೆ ದಿಬ್ಬದ ಮೇಲೆ ತಾವು ಮಾಡುವುದು. ರಸ್ತೆ ಎತ್ತರಿಸುವಾಗ ಮಾತ್ರ ಒಂದು ಎಚ್ಚರ ಬೇಕು. ಮಣ್ಣಿನ ಭರಾವು ಹಾಕಿ ಸಾಕಷ್ಟು ಮೋರಿ ಬಿಡದಿದ್ದರೆ ಆ ರಸ್ತೆಯೇ ಆಣೆಕಟ್ಟಾಗುತ್ತದೆ. ಕೊಲ್ಹಾಪುರದ ಬಳಿ ಶಿರೋಲಿಯ ಹೆದ್ದಾರಿಯ ಭರಾವಿನಲ್ಲಿ ಕಮಾನುಗಳನ್ನು ತೆರೆಯಬೇಕೆಂಬ ಕೂಗು ೨೦೨೧ರ ಮೇಲೆ ಎದ್ದುದು ಇದೇ ಕಾರಣಕ್ಕೆ.

ಇನ್ನೊಂದು ಕೆಲಸಕ್ಕೆ ಹೆಚ್ಚು ಹಣವೂ ಬೇಡ. ನಮ್ಮ ಹೊಳೆಗಳ ಮೇಲೆ ಇರುವ ಕೊಲ್ಹಾಪುರ ಪದ್ಧತಿಯ ಬಂಧಾರೆಗಳಿಗೆ ಮಳೆಗಾಲ ಮುಗಿದ ಮೇಲೆ ಬರಗೆ ಹಾಕಿ ನೀರು ಹಿಡಿಯುತ್ತಾರೆ, ಮಳೆಗಾಲಕ್ಕೆ ಮೊದಲು ಅವನ್ನು ಎತ್ತಬೇಕು. ಎತ್ತುವುದು ತಡವಾದರೆ, ಇಲ್ಲವೆ ಬರಗೆ ಜಂಗು ತಿಂದು ಗಾಳಿಯಲ್ಲಿ ಸಿಕ್ಕಿಕೊಂಡರೆ, ಮೊದಲ ಪೂರದಲ್ಲಿಯೇ ಕಸಕಡ್ಡಿ, ಮರದ ಬೊಡ್ಡೆ ಅಡ್ಡ ಬಿದ್ದು ನೀರು ಎರಡೂ ಮಗ್ಗುಲ ದಂಡೆಯನ್ನು ಕೊರೆಯುತ್ತದೆ. ಮೃಗಶಿರ ಮಳೆಗೆ ಮೊದಲು ಬರಗೆ ಎತ್ತಿದ್ದಾರೆಯೇ ಎಂದು ಹೋಗಿ ನೋಡಿ, ಎತ್ತದಿದ್ದರೆ ಪಾಟಬಂಧಾರೆ ಖಾತೆಗೆ ಲೇಖಿ ಬರೆದುಕೊಡುವುದು ಊರಿನವರ ಕೈಯೊಳಗಿನ ಮಾತು.

ಈಗ ಹಣದ ಗಂಟುಗಳ ವಿಷಯ. ೨೦೦೫ರ ಆಪತ್ತು ನಿರ್ವಹಣಾ ಕಾಯ್ದೆಯ ೪೮ನೆಯ ಕಲಮಿನಲ್ಲಿ, ಆಪತ್ತು ಬಂದಾಗ ಖರ್ಚು ಮಾಡುವ ನಿಧಿ ಬೇರೆ, ಆಪತ್ತು ತಗ್ಗಿಸುವ ನಿಧಿ ಬೇರೆ ಇರಬೇಕೆಂದು ಹೇಳಿದೆ. ಈ ಎರಡನೆಯದು ಬಹಳ ವರ್ಷ ಕಾಗದದ ಮೇಲೆಯೇ ಉಳಿದಿತ್ತು. ೧೫ನೆಯ ಹಣಕಾಸು ಆಯೋಗವು ೨೦೨೧ರಿಂದ ೨೦೨೬ರ ವರೆಗಿನ ಐದು ವರ್ಷಗಳಿಗೆ ಅದಕ್ಕೆ ಜೀವ ಕೊಟ್ಟಿತು. ಆಪತ್ತಿನ ಹೆಸರಿನಲ್ಲಿ ರಾಜ್ಯಕ್ಕೆ ಸಿಗುವ ೧೦೦ ರೂಪಾಯಿಯಲ್ಲಿ ೮೦ ಪರಿಹಾರ, ಪುನರ್ನಿರ್ಮಾಣ ಮತ್ತು ಸಿದ್ಧತೆಗೆ, ೨೦ ತಗ್ಗಿಸುವ ಕೆಲಸಕ್ಕೆ ಎಂದು ಪಾಲು ಮಾಡಿತು. ಮರಾಠಿ ಕಾಗದಗಳಲ್ಲಿ ಇದು ‘ಆಪತ್ತಿ ಸೌಮ್ಯೀಕರಣ ನಿಧಿ’. ಇದರಲ್ಲಿ ರೂಪಾಯಿಗೆ ೭೫ ಪೈಸೆ, ಹಿರಿಯರ ಲೆಕ್ಕದಲ್ಲಿ ಹನ್ನೆರಡಾಣೆ, ಕೇಂದ್ರದ್ದು. ಉಳಿದ ನಾಲ್ಕಾಣೆ ರಾಜ್ಯದ್ದು. ೨೦೨೧-೨೨ರಲ್ಲಿ ಮಹಾರಾಷ್ಟ್ರಕ್ಕೆ ಒಟ್ಟು ೪,೨೯೬ ಕೋಟಿ ರೂಪಾಯಿ ನಿಗದಿಯಾಗಿತ್ತು. ಅದರ ಐದನೆಯ ಒಂದು ಪಾಲು ಎಂದರೆ ಸುಮಾರು ೮೫೯ ಕೋಟಿ. ಇದು ೩೬ ಜಿಲ್ಲೆಗಳಿಗೂ, ಬರ ನೆರೆಗಳೆರಡಕ್ಕೂ ಹಂಚುವ ಹಣವೆಂಬುದನ್ನು ಮರೆಯಬಾರದು. ಕೇಳಿದವರಿಗೆ ಸಿಗುತ್ತದೆ, ಕೇಳದವರ ಪಾಲು ಮತ್ತೊಂದು ಜಿಲ್ಲೆಗೆ ಹೋಗುತ್ತದೆ.

ಈ ನಿಧಿಯ ಬಗ್ಗೆ ಆಯೋಗ ಹೇಳಿದ ಒಂದು ಮಾತು ನಮಗೆ ಬಹಳ ಉಪಯೋಗದ್ದು. ದೊಡ್ಡ ದೊಡ್ಡ ಪೂರದ ಒಡ್ಡುಗಳನ್ನು, ಸಮುದ್ರದ ಗೋಡೆಗಳನ್ನು ಇದರಿಂದ ಕಟ್ಟತಕ್ಕದ್ದಲ್ಲ. ಅವಕ್ಕೆ ಬೇರೆ ಯೋಜನೆಗಳಿವೆ. ಊರ ಮಟ್ಟದ, ಜನರು ತಾವೇ ಕೂಡಿ ಮಾಡುವಂಥ ಕೆಲಸಗಳಿಗೆ ಇದು ಮೀಸಲು. ಆದುದರಿಂದ ಮೈಲುಗಟ್ಟಲೆ ಗೋಡೆ ಬೇಡಿದ ಊರಿನ ಕಾಗದ ಹಿಂದಿರುಗಿ ಬಂದರೆ ಆಶ್ಚರ್ಯವಿಲ್ಲ. ೨೦೨೬ರ ಏಪ್ರಿಲಿನಿಂದ ೧೬ನೆಯ ಆಯೋಗದ ಅವಧಿ. ಆ ವರ್ಷದ ದರ, ನಿಯಮಗಳನ್ನು ಕಲೆಕ್ಟರ ಕಚೇರಿಯ ಆಪತ್ತು ವಿಭಾಗದಲ್ಲಿ ಕೇಳಿಕೊಂಡೇ ಬರೆಯತಕ್ಕದ್ದು. ಜಿಲ್ಲೆಯ ಆಪತ್ತು ಪ್ರಾಧಿಕಾರಕ್ಕೆ ಕಲೆಕ್ಟರರೇ ಅಧ್ಯಕ್ಷರು.

ಎರಡನೆಯ ಗಂಟು ಜಿಲ್ಲಾ ನಿಯೋಜನ ಸಮಿತಿಯದು. ಪಾಲಕ ಮಂತ್ರಿಗಳು ಇದರ ಅಧ್ಯಕ್ಷರು. ಜಿಲ್ಲೆಯ ವಾರ್ಷಿಕ ಯೋಜನೆಯಲ್ಲಿ ಪಾಟಬಂಧಾರೆ ಮತ್ತು ಪೂರ ನಿಯಂತ್ರಣಕ್ಕೆಂದು ಬೇರೆ ತಲೆಬರಹವೇ ಇದೆ. ಗೋಡೆಯ ಬೇಡಿಕೆ ಸಾಗಬೇಕಾದ ಹಾದಿ ಇದು. ಮೂರನೆಯದು ರೋಜಗಾರ ಹಮಿ. ೨೦೦೫ರ ಕೇಂದ್ರ ಕಾಯ್ದೆಯ ಕೆಲಸಗಳ ಪಟ್ಟಿಯಲ್ಲಿ ಪೂರ ತಡೆ, ನೀರು ಬಸಿಯುವ ಚರಿ, ಹಳ್ಳ ಆಳ ಮಾಡುವುದು ಇವೆಲ್ಲ ಇದ್ದವು. ೨೦೨೫ರ ಡಿಸೆಂಬರಿನಲ್ಲಿ ಅದರ ಜಾಗಕ್ಕೆ ಸಂಸತ್ತು ಹೊಸ ಕಾಯ್ದೆ ಮಾಡಿದೆ. ಈಗ ಯಾವ ಕೆಲಸ ಹಿಡಿಯಬಹುದು ಎಂಬುದನ್ನು ಊರಿನ ರೋಜಗಾರ ಸೇವಕರಲ್ಲಿ ವಿಚಾರಿಸಿರಿ. ಪಂಚಾಯತಿಗೆ ಹಣಕಾಸು ಆಯೋಗದಿಂದ ನೇರವಾಗಿ ಬರುವ ಅನುದಾನ ಸಣ್ಣದು, ಅದರಲ್ಲಿಯೂ ದೊಡ್ಡ ಪಾಲು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಊರ ಗಟಾರದ ಕೆಲಸ ಅದರೊಳಗೆ ಕೂತೀತು, ಹೊಳೆಯ ಕೆಲಸವಲ್ಲ.

ದೊಡ್ಡ ಯೋಜನೆಗಳ ಹೆಸರು ವರ್ತಮಾನಪತ್ರಗಳಲ್ಲಿ ನೋಡಿರುವಿರಿ. ಕೊಲ್ಹಾಪುರ, ಸಾಂಗಲಿ ಭಾಗದ ಕೃಷ್ಣಾ ಕೊಳ್ಳಕ್ಕೆಂದು ಜಾಗತಿಕ ಬ್ಯಾಂಕಿನ ಸಾಲದಿಂದ ರಾಜ್ಯ ಸರಕಾರ ಹಮ್ಮಿಕೊಂಡಿರುವುದು ಮೂರು ಸಾವಿರ ಕೋಟಿಗೆ ಮೇಲ್ಪಟ್ಟ ಕಾರ್ಯಕ್ರಮ. ಅದರ ನಿರ್ಣಯ ಮುಂಬಯಿಯಲ್ಲಿ ಆಗತಕ್ಕದ್ದು. ೨೦೨೨ರಲ್ಲಿ ಮಹಾನಗರಪಾಲಿಕೆಯಾದ ಇಚಲಕರಂಜಿಯಂಥ ಶಹರಗಳು ಅದರತ್ತ ನೋಡುವುದು ಸರಿಯೇ, ಹಳ್ಳಿಯವರು ಅದನ್ನೇ ಕಾಯುತ್ತ ಕೂಡ್ರುವುದು ಬೇಡ. ಕೇಂದ್ರದ ‘ಪೂರ ನಿರ್ವಹಣೆ ಮತ್ತು ಗಡಿ ಪ್ರದೇಶ ಕಾರ್ಯಕ್ರಮ’ದ ಹೆಸರು ಕೇಳಿ ‘ಇದು ನಮಗೇ’ ಎಂದು ಹಿಗ್ಗಬೇಡಿರಿ. ಅಲ್ಲಿಯ ಗಡಿ ನೇಪಾಳ, ಬಾಂಗ್ಲಾದೇಶಗಳ ಕಡೆಯದು. ನಮ್ಮ ಗಡಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಆಲಮಟ್ಟಿಯ ವಾದ. ೨೦೧೯ರ ಮಹಾಪೂರವನ್ನು ಅಭ್ಯಸಿಸಿದ ಮಹಾರಾಷ್ಟ್ರದ್ದೇ ಆದ ವಡನೇರೆ ಸಮಿತಿ ೨೦೨೦ರಲ್ಲಿ ಆಲಮಟ್ಟಿಯನ್ನು ಕಾರಣವೆಂದು ಹಿಡಿಯಲಿಲ್ಲ. ಆದರೂ ವಾದ ಮುಗಿದಿಲ್ಲ. ಅದು ಮುಗಿಯುವ ವರೆಗೆ ನಮ್ಮ ಹಳ್ಳದ ಬಾಯಿ ಹೂಳಿನಲ್ಲಿಯೇ ಇರಬೇಕೆಂದೇನೂ ಇಲ್ಲ.

ಬೇಡಿಕೆ ಗಟ್ಟಿಯಾಗುವುದು ಅಳತೆಯಿಂದ. ೨೦೧೯ ಮತ್ತು ೨೦೨೧ರಲ್ಲಿ ನೀರು ಎಲ್ಲಿಯ ವರೆಗೆ ಬಂದಿತ್ತೆಂಬ ಗುರುತು ಗುಡಿ, ಶಾಲೆ, ಮನೆಗಳ ಗೋಡೆಯ ಮೇಲೆ ಇನ್ನೂ ಇದ್ದರೆ ಅಲ್ಲಿ ಬಣ್ಣದ ಗೆರೆ ಎಳೆದು ನೆಲದಿಂದ ಅಳೆದು ಬರೆದಿಡಿರಿ. ದಂಡೆ ಎಷ್ಟು ಉದ್ದ ಕಡಿದಿದೆ, ಯಾವ ಯಾವ ಗಟ್ ನಂಬರಿನ ಎಷ್ಟು ಗುಂಟೆ ಹೋಗಿದೆ ಎಂಬುದನ್ನು ಸಾತಬಾರಾ ಉತಾರೆಯ ಪ್ರತಿಗಳೊಡನೆ ಕೂಡಿಸಿರಿ. ಅನಂತರ ಗ್ರಾಮಸಭೆಯ ಠರಾವು. ಮಹಾರಾಷ್ಟ್ರದಲ್ಲಿ ವರ್ಷಕ್ಕೆ ನಾಲ್ಕು ಗ್ರಾಮಸಭೆಗಳಾದರೂ ನಡೆಯಬೇಕು. ಇವುಗಳಲ್ಲಿ ಅಕ್ಟೋಬರ ೨ರ ಸಭೆಯೇ ಈ ಕೆಲಸಕ್ಕೆ ಸರಿಯಾದ ಕಾಲ. ಪೂರದ ನೆನಪು ಆಗ ಹಸಿಯಾಗಿರುತ್ತದೆ, ಜಿಲ್ಲೆಯ ಮುಂದಿನ ವರ್ಷದ ಯೋಜನೆ ಚಳಿಗಾಲದಲ್ಲಿ ತಯಾರಾಗುತ್ತದೆ, ಹಣದ ವರ್ಷ ಏಪ್ರಿಲಿಗೆ ಆರಂಭ. ಜನವರಿ ೨೬ಕ್ಕೆ ಮಾಡಿದ ಠರಾವು ಬಹಳ ಸಲ ಒಂದು ಮಳೆಗಾಲ ತಡವಾಗುತ್ತದೆ.

ಠರಾವಿನ ಮೇಲೆ ಜಿಲ್ಲಾ ಪರಿಷತ್ತಿನ ಇಲ್ಲವೆ ಪಾಟಬಂಧಾರೆ ಖಾತೆಯ ಇಂಜಿನಿಯರರಿಂದ ಅಂದಾಜುಪತ್ರಕ ಮಾಡಿಸಬೇಕು. ತಾಂತ್ರಿಕ ಮಂಜೂರಿ, ಪ್ರಶಾಸಕೀಯ ಮಂಜೂರಿ, ಆಮೇಲೆ ನಿವಿದೆ, ಈ ಮೂರು ಮೆಟ್ಟಿಲು ಹತ್ತಿದ ಮೇಲೆಯೇ ಕೆಲಸಕ್ಕೆ ಸಲಿಕೆ ಬೀಳುವುದು. ಅಂದಾಜುಪತ್ರಕವಿಲ್ಲದ ಅರ್ಜಿ ಎಷ್ಟು ಸಹಿಗಳಿದ್ದರೂ ಕಡತದಲ್ಲಿಯೇ ಮಲಗುತ್ತದೆ. ಇಂಜಿನಿಯರರು ನೀಲಿ ರೇಷೆಯನ್ನೂ ನೋಡುತ್ತಾರೆ. ೨೫ ವರ್ಷಕ್ಕೊಮ್ಮೆ ಬರುವಂಥ ಪೂರ ಮುಟ್ಟುವ ಗೆರೆ ನೀಲಿ, ೧೦೦ ವರ್ಷಕ್ಕೊಮ್ಮೆಯದು ಕೆಂಪು. ನೀಲಿ ಗೆರೆಯೊಳಗೆ ಹೊಳೆಯ ಹಾದಿ ಕಟ್ಟುವಂಥದೇನನ್ನೂ ಎಬ್ಬಿಸಲು ಬಿಡುವುದಿಲ್ಲ. ನಿಮ್ಮ ದಂಡೆ ಎತ್ತರಿಸಿದರೆ ಎದುರು ದಂಡೆಯ ಊರಿಗೆ ನೀರು ಹೆಚ್ಚು ನುಗ್ಗೀತೇ ಎಂಬ ಪ್ರಶ್ನೆಯೂ ಬರುತ್ತದೆ. ದತ್ತವಾಡ, ದಾನವಾಡದ ಕಡೆ ದೂಧಗಂಗೆಯ ಎದುರು ದಂಡೆಯಲ್ಲಿ ಕರ್ನಾಟಕದ ಊರುಗಳಿವೆ; ಬೀಗರು, ನೆಂಟರು ಅಲ್ಲಿಯೇ ಇರುವವರು. ಅವರ ಪಂಚಾಯತಿಯೊಡನೆ ಮೊದಲೇ ಮಾತಾಡಿ, ಅವರ ತಕರಾರಿಲ್ಲವೆಂಬ ಪತ್ರವನ್ನೂ ಇಟ್ಟರೆ ಕಾಗದ ಮುಂದೆ ಸರಿಯುವುದು ಸುಲಭ.

ಭಾಷೆಯ ಅಂಜಿಕೆಯಿಂದ ಎಷ್ಟೋ ಜನ ಅರ್ಜಿಯನ್ನೇ ಬರೆಯುವುದಿಲ್ಲ. ಸಂವಿಧಾನದ ೩೫೦ನೆಯ ಅನುಚ್ಛೇದದಂತೆ, ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ನಮ್ಮ ಗೋಳನ್ನು ಬರೆದುಕೊಡುವ ಹಕ್ಕು ನಮಗುಂಟು. ಅರ್ಜಿ ಕನ್ನಡದಲ್ಲಿರಲಿ. ಅಂದಾಜುಪತ್ರಕ ಮತ್ತು ಠರಾವಿನ ಪ್ರತಿ ಮಾತ್ರ ಮರಾಠಿಯಲ್ಲಿದ್ದರೆ ಕಚೇರಿಯಲ್ಲಿ ತಡವಾಗದು. ಮರಾಠಿ ಶಾಲೆ ಕಲಿತ ಹುಡುಗ ಹುಡುಗಿಯರು ಈಗ ಪ್ರತಿ ಓಣಿಯಲ್ಲಿಯೂ ಇದ್ದಾರೆ, ಅವರಿಂದ ಬರೆಯಿಸಿರಿ. ಒಂದು ಪ್ರತಿ ತಹಸೀಲದಾರರಿಗೆ, ಒಂದು ಪಂಚಾಯತ ಸಮಿತಿಯ ಗಟವಿಕಾಸ ಅಧಿಕಾರಿಗೆ, ಒಂದು ಕಲೆಕ್ಟರ ಕಚೇರಿಗೆ. ನಾಲ್ಕನೆಯ ಪ್ರತಿಯ ಮೇಲೆ ಪೋಚದ ಸಿಕ್ಕೆ, ಆವಕ ನಂಬರು, ತಾರೀಖು ಹಾಕಿಸಿಕೊಂಡು ಬಂದು ಪಂಚಾಯತಿಯ ಕಡತದಲ್ಲಿ ಇಡಿರಿ.