ಬಯಲನ್ನು ಕಟ್ಟಿದವರು

1974ನೆಯ ಇಸವಿ. ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ರಿಚರ್ಡ್ ರಾಬ್ಸನ್ ಎಂಬವರ ಪಾಲಿಗೆ ಒಂದು ಸಣ್ಣ ಕೆಲಸ ಬಂದಿತು. ಹರಳುಗಳ ರಚನೆಯನ್ನು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ತೋರಿಸಲು ಮರದ ಗುಂಡುಗಳ ಮಾದರಿಗಳನ್ನು ಸಿದ್ಧಪಡಿಸಬೇಕಾಗಿತ್ತು. ಗುಂಡೆಂದರೆ ಪರಮಾಣು, ಗುಂಡುಗಳನ್ನು ಕೂಡಿಸುವ ಕಡ್ಡಿಯೆಂದರೆ ಪರಮಾಣುಗಳ ನಡುವಣ ಬಂಧ. ಕಡ್ಡಿ ಸಿಕ್ಕಿಸಲು ಗುಂಡಿನಲ್ಲಿ ತೂತು ಬೇಕಷ್ಟೆ? ಅದನ್ನು ಮನಬಂದಲ್ಲಿ ಕೊರೆಯುವಂತಿಲ್ಲ. ಒಂದೊಂದು ಧಾತುವೂ ನೆರೆಯ ಪರಮಾಣುವಿನ ಕೈ ಹಿಡಿಯುವ ದಿಕ್ಕು ಗೊತ್ತಾದುದು. ರಾಬ್ಸನ್ನರು ಅಳೆದು ಗುರುತು ಹಾಕಿದರು, ಕಾರ್ಯಾಗಾರದವರು ಕೊರೆದುಕೊಟ್ಟರು.

ಜೋಡಿಸಲು ಕುಳಿತಾಗ ಅವರಿಗೊಂದು ಸಂಗತಿ ಹೊಳೆಯಿತು. ಕಡ್ಡಿಗಳನ್ನು ಸಿಕ್ಕಿಸುತ್ತ ಹೋದಂತೆ ಮಾದರಿ ತಾನಾಗಿಯೇ ಸರಿಯಾದ ಆಕಾರವನ್ನು ತಳೆಯುತ್ತಿತ್ತು. ಇಡೀ ಕಟ್ಟಡದ ನಕ್ಷೆ ಆ ತೂತುಗಳ ಸ್ಥಾನದಲ್ಲಿಯೇ ಅಡಗಿತ್ತು! ಹಾಗಾದರೆ ಪರಮಾಣುಗಳ ಬದಲು ಇಡಿಯ ಅಣುಗಳನ್ನೇ ಹೀಗೆ ಬೆಸೆಯಬಾರದೇಕೆ? ಪ್ರತಿ ವರ್ಷವೂ ಪಾಠಕ್ಕಾಗಿ ಮಾದರಿಗಳನ್ನು ಹೊರತೆಗೆದಾಗ ಈ ಪ್ರಶ್ನೆ ತಲೆಯೆತ್ತುತ್ತಿತ್ತು. ಅದನ್ನು ಪರೀಕ್ಷಿಸುವ ಕಾಲ ಬರುವಷ್ಟರಲ್ಲಿ ಹತ್ತು ವರ್ಷಗಳಿಗೂ ಮಿಕ್ಕಿ ಉರುಳಿದ್ದವು.

ರಾಬ್ಸನ್ನರು ವಜ್ರದ ರಚನೆಯನ್ನೇ ಆದರ್ಶವಾಗಿಟ್ಟುಕೊಂಡರು. ವಜ್ರದಲ್ಲಿ ಒಂದೊಂದು ಇಂಗಾಲದ ಪರಮಾಣುವಿಗೂ ನಾಲ್ಕು ನೆರೆಹೊರೆ. ನಾಲ್ಕು ಕೈಗಳನ್ನು ಚಾಚುವ ತಾಮ್ರದ ಅಯಾನನ್ನೂ ನಾಲ್ಕು ತೋಳುಗಳುಳ್ಳ ಒಂದು ಸಾವಯವ ಅಣುವನ್ನೂ ಅವರು ದ್ರಾವಣದಲ್ಲಿ ಕೂಡಿಸಿದರು. ಇಂತಹ ಮಿಶ್ರಣದಿಂದ ಹಕ್ಕಿಯ ಗೂಡಿನಂತಹ ಗೋಜಲು ಮಾತ್ರ ಹುಟ್ಟೀತೆಂದು ಬಲ್ಲವರ ಎಣಿಕೆ. ಹುಟ್ಟಿದ್ದು ಕ್ರಮಬದ್ಧವಾದ ಹರಳು. ವಜ್ರದ ವಿನ್ಯಾಸವೇ, ಆದರೆ ಒಳಗೆಲ್ಲ ವಿಶಾಲವಾದ ಬಯಲು. ಮದುವೆಯ ಚಪ್ಪರವನ್ನು ನೆನೆದುಕೊಂಡರೆ ಚಿತ್ರ ಸ್ಪಷ್ಟವಾದೀತು: ಲೋಹವು ಗಂಟು, ಅಣುವು ಗಳು, ಮಿಕ್ಕುದೆಲ್ಲ ಅತಿಥಿಗಳಿಗೆ ಬಿಟ್ಟ ಸ್ಥಳ. 1989ರಲ್ಲಿ ಈ ಕೆಲಸ ಪ್ರಕಟವಾಯಿತು. ಆದರೆ ಈ ಚಪ್ಪರ ಬಲು ದುರ್ಬಲ, ಬೇಗನೆ ಕುಸಿದುಬೀಳುವಂತಹುದು.

ಬಯಲೆಂಬ ಮಾತಿಗೆ ಶರಣರ ನಾಡಿನಲ್ಲಿ ಬೇರೆಯೇ ತೂಕವುಂಟು; ಅದಿರಲಿ. ರಸಾಯನಜ್ಞನಿಗೆ ಟೊಳ್ಳಾದ ವಸ್ತುವಿನ ಹಂಬಲವೇಕೆ? 1756ರಲ್ಲಿಯೇ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬಾತ ಒಂದು ಖನಿಜವನ್ನು ಕಾಯಿಸಿ, ಅದರಿಂದ ಹಬೆಯೇಳುವುದನ್ನು ಕಂಡು, ‘ಕುದಿಯುವ ಕಲ್ಲು’ ಎಂಬರ್ಥದಲ್ಲಿ ಜಿಯೊಲೈಟ್ ಎಂದು ಹೆಸರಿಟ್ಟನು. ನೀರು ಅಡಗಿದ್ದುದು ಅದರ ಸೂಕ್ಷ್ಮ ರಂಧ್ರಗಳಲ್ಲಿ. ಇಂದು ಪೆಟ್ರೋಲ್ ಶುದ್ಧೀಕರಣದಲ್ಲಿ ಜಿಯೊಲೈಟಿನ ಪಾತ್ರ ದೊಡ್ಡದು. ಆದರೆ ಅದರ ರಂಧ್ರದ ಅಳತೆಯನ್ನೂ ಒಳಗೋಡೆಯ ಗುಣವನ್ನೂ ಬೇಕೆಂದಂತೆ ಮಾರ್ಪಡಿಸುವುದು ಸುಲಭವಲ್ಲ.

ಜಪಾನಿನ ಸುಸುಮು ಕಿತಾಗಾವಾ ಇದೇ ಹಾದಿಯಲ್ಲಿ ನಡೆದವರು. ಭೌತವಿಜ್ಞಾನಿ ಹಿದೆಕಿ ಯುಕಾವಾ ಅವರ ಪುಸ್ತಕವೊಂದರ ಮೂಲಕ ಚೀನಾದ ಪ್ರಾಚೀನ ತತ್ತ್ವಜ್ಞಾನಿ ಜುವಾಂಗ್‌ಜಿಯ ವಿಚಾರ ಅವರಿಗೆ ತಾರುಣ್ಯದಲ್ಲಿ ಪರಿಚಯವಾಗಿತ್ತು: ನಿರುಪಯುಕ್ತವೆಂದು ತೋರುವುದಕ್ಕೂ ಉಪಯೋಗವುಂಟು. ಹಣ ನೀಡುವ ಮಂಡಲಿಗಳಿಗೆ ಈ ತತ್ತ್ವ ರುಚಿಸಲಿಲ್ಲ. ಜಿಯೊಲೈಟ್ ಇರುವಾಗ ಇದೇಕೆ ಎಂಬುದೇ ತಕರಾರು. 1997ರಲ್ಲಿ ಕಿತಾಗಾವಾ ಅವರ ತಂಡ ಕಟ್ಟಿದ ಹಂದರವು ಒಳಗಿನ ದ್ರವವನ್ನು ಒಣಗಿಸಿದರೂ ಕುಸಿಯದೆ, ಮೀಥೇನ್, ಸಾರಜನಕ, ಆಮ್ಲಜನಕಗಳನ್ನು ಒಳಗೊಂಡು ಮತ್ತೆ ಹೊರಬಿಟ್ಟಿತು. ಮರುವರ್ಷ ಅವರು ತಕರಾರಿಗೆ ಉತ್ತರವನ್ನೂ ಕೊಟ್ಟರು: ಜಿಯೊಲೈಟ್ ಬಿರುಸು, ಇವು ಬಳುಕಬಲ್ಲವು, ಉಸಿರಾಡುವ ಎದೆಯಂತೆ ಹಿಗ್ಗಿ ಕುಗ್ಗಬಲ್ಲವು.

ಮೂರನೆಯವರು ಒಮರ್ ಯಾಗಿ. ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ಪ್ಯಾಲೆಸ್ಟೈನಿನಿಂದ ನಿರಾಶ್ರಿತರಾಗಿ ಬಂದ ಕುಟುಂಬದಲ್ಲಿ ಜನನ. ಮನೆಯೆಂದರೆ ಒಂದೇ ಕೋಣೆ, ದೀಪವಿಲ್ಲ, ನಲ್ಲಿಯಿಲ್ಲ. ಹತ್ತು ವರ್ಷದ ಹುಡುಗ ಒಂದು ದಿನ ಎಂದಿನಂತೆ ಬೀಗ ಹಾಕಿರದ ಶಾಲೆಯ ಪುಸ್ತಕಾಲಯಕ್ಕೆ ನುಸುಳಿ, ಕೈಗೆ ಸಿಕ್ಕ ಗ್ರಂಥವೊಂದನ್ನು ತೆರೆದನು. ಅದರಲ್ಲಿದ್ದುವು ಅಣುಗಳ ಚಿತ್ರಗಳು. ಅರ್ಥವಾಗಲಿಲ್ಲ, ಕಣ್ಣು ಕೀಳಲಾಗಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ತಂದೆ ಅವನನ್ನು ಅಮೆರಿಕಕ್ಕೆ ಕಳುಹಿಸಿದರು.

1995ರಲ್ಲಿ ಇಂತಹ ವಸ್ತುಗಳಿಗೆ ‘ಲೋಹ-ಸಾವಯವ ಹಂದರ’ವೆಂಬ ಅರ್ಥದ ಹೆಸರಿಟ್ಟವರು ಯಾಗಿಯವರೇ. 1999ರಲ್ಲಿ ಅವರ ತಂಡ ‘ಮಾಫ್-5’ ಎಂಬುದನ್ನು ರಚಿಸಿತು. ಸತುವೇ ಗಂಟು, ಗಳುವಾಗಿ ಟೆರೆಫ್ತಾಲಿಕ್ ಆಮ್ಲ. ಪಾಲಿಯೆಸ್ಟರ್ ಸೀರೆಯ ನೂಲಿಗೂ ಮೂಲವಸ್ತು ಇದೇ. ಬರಿದಾಗಿಸಿ 300 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೂ ಮಾಫ್-5 ಕುಸಿಯಲಿಲ್ಲ. ಅದರ ಒಂದೆರಡು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಹರಡಿದರೆ ಕಾಲ್ಚೆಂಡಿನ ಮೈದಾನದಷ್ಟು ವಿಸ್ತಾರ! ಮುಂದೆ ಗಳುವನ್ನು ಮಾತ್ರ ಬದಲಿಸಿ, ಅದೇ ನಕ್ಷೆಯ 16 ಹಂದರಗಳನ್ನು ಅವರು ಕಟ್ಟಿದರು. ಕೋಣೆಯ ಅಳತೆ ಕಟ್ಟುವವನ ಕೈಗೆ ಬಂದಂತಾಯಿತು. 2025ರ ಅಕ್ಟೋಬರ್ 8ರಂದು ಈ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಘೋಷಿತವಾದಾಗ ರಾಬ್ಸನ್ನರಿಗೆ 88 ವರ್ಷ.

ಅಡಿಗೆಮನೆಯ ಜರಡಿಯಂತೆಯೇ ಅನಿಲಗಳನ್ನೂ ಬೇರ್ಪಡಿಸಬಹುದೆಂದು ತೋರುವುದು ಸಹಜ. ಆದರೆ ಕಾರ್ಖಾನೆಯ ಹೊಗೆಯಲ್ಲಿ ಬೆರೆತಿರುವ ಇಂಗಾಲದ ಡೈ ಆಕ್ಸೈಡಿನ ಅಣುವಿನ ಅಳತೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ 0.33, ಸಾರಜನಕದ್ದು 0.36. ಇಷ್ಟು ಅಲ್ಪ ಅಂತರಕ್ಕೆ ಜರಡಿಯ ಕಣ್ಣೊಂದೇ ಸಾಲದು. ಬೇಕಾದ ಅನಿಲವನ್ನು ಸೆಳೆದು ನಿಲ್ಲಿಸುವ ಗುಣ ಗೋಡೆಗೂ ಇರಬೇಕು. ಸೆಳೆತ ವಿಪರೀತವಾದರೆ ಹಿಡಿದುದನ್ನು ಬಿಡಿಸಲು ಶಾಖ ವೆಚ್ಚವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ವೈರಿ ನೀರಾವಿ. 300 ಡಿಗ್ರಿಗೆ ಜಗ್ಗದ ಮಾಫ್-5 ತೇವದ ಗಾಳಿಯಲ್ಲಿ ಕೆಡುತ್ತದೆ. ನಮ್ಮ ಮಳೆಗಾಲ ಅದಕ್ಕೆ ಸಲ್ಲದು.

ಅನಿಲವನ್ನು ಹಿಡಿಯುವುದಷ್ಟೇ ಅಲ್ಲ, ಕೋಣೆಯೊಳಗೆ ರಾಸಾಯನಿಕ ಕ್ರಿಯೆಯನ್ನು ನಡೆಸುವುದೂ ಸಾಧ್ಯ. ಅಲ್ಲಿ ಗಂಟಿನ ಲೋಹವೇ ಕ್ರಿಯಾವರ್ಧಕ. ಯುದ್ಧದಲ್ಲಿ ಬಳಸುವ ನರವಿಷವನ್ನು ಜಿರ್ಕೋನಿಯಮ್ಮಿನ ಹಂದರವೊಂದು ಬೇಗನೆ ಒಡೆದುಹಾಕುವುದನ್ನು ಅಮೆರಿಕದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು.

ಇಂಗಾಲದ ಡೈ ಆಕ್ಸೈಡನ್ನು ಹಿಡಿಯುವ ಪ್ರಯತ್ನದೊಡನೆ ಬೆಂಗಳೂರಿನ ಒಂದು ಎಳೆಯೂ ಸೇರಿಕೊಂಡಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಸಿ. ಎನ್. ಆರ್. ರಾವ್ ಅವರು 2004ರಲ್ಲಿ ಇಂತಹ ತೆರೆದ ರಚನೆಗಳನ್ನು ಕುರಿತು ಬರೆದ ದೀರ್ಘ ಸಮೀಕ್ಷೆಯ ಸಹಲೇಖಕರಲ್ಲಿ ಒಬ್ಬರು ಆರ್. ವೈದ್ಯನಾಥನ್. ಕೆನಡದ ಕ್ಯಾಲ್ಗರಿಯಲ್ಲಿ ಜಾರ್ಜ್ ಶಿಮಿಜು ಅವರ ತಂಡ 2021ರಲ್ಲಿ ವರದಿ ಮಾಡಿದ ‘ಕಾಲ್ಫ್-20’ ಎಂಬ ಸತುವಿನ ಹಂದರದ ಕೆಲಸದಲ್ಲಿಯೂ ಅವರ ಹೆಸರಿದೆ. ಗಾಳಿಯ ಆರ್ದ್ರತೆ ನೂರಕ್ಕೆ 40ನ್ನು ಮೀರದಿದ್ದರೆ ಈ ಹಂದರವು ನೀರನ್ನು ಬದಿಗಿಟ್ಟು ಇಂಗಾಲದ ಡೈ ಆಕ್ಸೈಡನ್ನೇ ಆರಿಸಿಕೊಳ್ಳುತ್ತದೆ. ಹಬೆ ಹಾಯಿಸಿದರೂ ಅದು ಕೆಡುವುದಿಲ್ಲ.

ವ್ಯಾಂಕೂವರಿನ ಬಳಿಯ ಸಿಮೆಂಟು ಕಾರ್ಖಾನೆಯೊಂದರಲ್ಲಿ ಇದನ್ನು ಪರೀಕ್ಷಿಸಲಾಯಿತು. ಸುಣ್ಣದ ಭಟ್ಟಿಯಂತೆ ಸಿಮೆಂಟಿನ ಗೂಡಿನಲ್ಲಿಯೂ ಸುಣ್ಣದ ಕಲ್ಲು ಸುಟ್ಟಾಗ ಈ ಅನಿಲ ಕಲ್ಲಿನಿಂದಲೇ ಹೊರಡುತ್ತದೆ. ಉರುವಲನ್ನು ಬದಲಿಸಿ ತಪ್ಪಿಸುವಂತಿಲ್ಲ. ಆ ಪರೀಕ್ಷಾ ಯಂತ್ರದ ಸಾಮರ್ಥ್ಯ ದಿನಕ್ಕೆ ಒಂದು ಟನ್. ದೊಡ್ಡ ಸಿಮೆಂಟು ಕಾರ್ಖಾನೆಯೊಂದು ದಿನಕ್ಕೆ ಹೊರಬಿಡುವುದು ಸಾವಿರ ಟನ್ನಿಗೂ ಹೆಚ್ಚು.